ಬೆನ್ನು ಗುಟ್ಟು ಬಿಡದ ಎಲೆ

ಎರಡೂ ಕಡೆ ಬೆನ್ನೇ ಇರುವ ಎಲೆ, ಎರಡೂ ಕಡೆ ಮುಖವೇ ಇರುವ ಎಲೆ, ಇಂಥವನ್ನೆಲ್ಲ ಈಗ ಜಾದೂ ಸಾಮಾನಿನ ಅಂಗಡಿಯಿಂದ ತರಿಸಿಕೊಳ್ಳಬಹುದು. ಆದರೆ ತೂಬಗೆರೆಯಂಥ ಊರಿನ ಜಗಲಿಯ ಮೇಲೆ ನೆಂಟರಿಷ್ಟರ ಮುಂದೆ ಜಾದೂ ಮಾಡುವವನಿಗೆ ಬೇಕಾದದ್ದು ಅವರ ಮನೆಯ ಇಸ್ಪೀಟು ಕಟ್ಟಿಗೇ ಹೊಂದುವ ಎಲೆ. ಅದನ್ನು ಕೈಯಾರೆ ಮಾಡಿಕೊಳ್ಳಬೇಕು. ಈ ಹವ್ಯಾಸದ ರುಚಿ ಇರುವುದೂ ಅಲ್ಲೇ.

ಒಳ್ಳೆಯ ಕಾಗದದ ಎಲೆ ಒಂದೇ ಹಾಳೆಯಲ್ಲ. ಬೆಳಕಿಗೆ ಹಿಡಿದರೂ ರಾಜನೋ ಗುಲಾಮನೋ ಕಾಣಬಾರದೆಂದು ಎರಡು ಹಾಳೆಗಳ ನಡುವೆ ಕಪ್ಪು ಅಂಟು ಬಳಿದು ಒತ್ತಿರುತ್ತಾರೆ. ಆ ಎರಡು ಪದರವನ್ನು ಬಿಡಿಸುವುದೇ ಕಸುಬಿನ ಜೀವಾಳ. ಒಂದು ಮೂಲೆಯನ್ನು ಉಗುರಿನಿಂದ ಮೆಲ್ಲಗೆ ಮೀಟುತ್ತಿದ್ದರೆ ಪದರ ಬಾಯಿ ಬಿಡುತ್ತದೆ. ಆಮೇಲೆ ಬೇಕಾದ ಪದರವನ್ನು ಮೇಜಿಗೆ ಒತ್ತಿ ಹಿಡಿದು ಬೇಡದ್ದನ್ನು ಹಿಂದಕ್ಕೆ ಮಗುಚುತ್ತಾ ನಿಧಾನವಾಗಿ ಎಳೆಯಬೇಕು. ಎಳೆದದ್ದು ಸುರುಳಿ ಸುತ್ತುತ್ತದೆ, ಒತ್ತಿ ಹಿಡಿದದ್ದು ಚಪ್ಪಟೆಯಾಗಿ ಉಳಿಯುತ್ತದೆ. ಇಂಥ ಎರಡು ಬೆನ್ನುಗಳನ್ನು ಅಂಟಿಸಿದರೆ ದಪ್ಪ ಮೊದಲಿನಷ್ಟೇ. ಬಿಡಿಸದೆ ಎರಡು ಇಡೀ ಎಲೆಗಳನ್ನೇ ಅಂಟಿಸಿದರೆ ಎಲೆ ಕಲೆಸುವಾಗಲೇ ಬೆರಳಿಗೆ ಸಿಕ್ಕಿಬೀಳುತ್ತದೆ. ಪೂರ್ತಿ ಪ್ಲಾಸ್ಟಿಕ್ಕಿನ ಎಲೆ ಈ ಕೆಲಸಕ್ಕೆ ಬಾರದು.

ನೀರಿನಂಶದ ಅಂಟು ಬಳಿದರೆ ಕಾಗದ ಉಬ್ಬಿ ಎಲೆ ಡೊಂಕಾಗುತ್ತದೆ. ಸೈಕಲ್ ಪಂಕ್ಚರ್ ಸಲ್ಯೂಷನ್ ಜಾತಿಯ ರಬ್ಬರ್ ಅಂಟು ವಾಸಿ. ಕಿಟಕಿ ತೆರೆದಿಟ್ಟು, ಎರಡೂ ಪದರಕ್ಕೆ ತೆಳ್ಳಗೆ ಸವರಿ, ಸ್ವಲ್ಪ ಆರಿದ ಮೇಲೆ ಅಂಚಿಗೆ ಅಂಚು ಕೂಡಿಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗೆ ಇಡಬೇಕು.

ಕೈಯಲ್ಲಿ ಎಲೆ ಮಾಡುವುದರಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕೈಯಲ್ಲಿ ಚಿತ್ರ ಬರೆದ ಎಲೆಗಳ ಆಟವಾದ ಗಂಜೀಫಾದಲ್ಲಿ ಹೊಸ ಹೊಸ ಬಗೆಗಳನ್ನು ಕಟ್ಟಿದರು; ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಅವುಗಳ ವಿವರವಿದೆ. ದಶಾವತಾರ ಗಂಜೀಫಾಕ್ಕೆ 120 ಎಲೆ. ಒಡೆಯರ ಅತಿ ದೊಡ್ಡ ಆಟಕ್ಕೆ 360. ನಮ್ಮ ಕಾಲದಲ್ಲಿ ಆ ಕಲೆಗೆ ಮತ್ತೆ ಜೀವ ಕೊಟ್ಟವರು ಗಂಜೀಫಾ ರಘುಪತಿ ಭಟ್ಟರು. ನೋಡುವವರೆಲ್ಲ ಆ ಎಲೆಗಳ ಮುಖದ ಚಿತ್ರ ಹೊಗಳುತ್ತಾರೆ. ನನಗೆ ಬೆನ್ನುಗಳ ಮೇಲೂ ಅಷ್ಟೇ ಗೌರವ. ಮುಖ ಎಷ್ಟೇ ಬಗೆಯಾಗಿರಲಿ, ಬೆನ್ನು ಮಾತ್ರ ಒಂದರಂತೆ ಇನ್ನೊಂದಿರಬೇಕು. ಒಂದರ ಬಣ್ಣ ಕೊಂಚ ಹೆಚ್ಚುಕಡಿಮೆಯಾದರೂ ಆಟ ಕೆಟ್ಟಿತು.

ಜಾದೂ ಎಲೆಗೂ ಇದೇ ಪರೀಕ್ಷೆ. ಕಟ್ಟಿನೊಳಗೆ ಸೇರಿಸಿ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಬಳಸಿ ಮಾಸಿದ ಎಲೆಗಳ ನಡುವೆ ಹೊಸ ಬಿಳಿ ಗೆರೆ ಕಂಡರೆ ಆ ಎಲೆ ನಪಾಸು. ಅದಕ್ಕೇ ಅಷ್ಟೇ ಹಳೆಯದಾದ, ಅದೇ ಕಂಪನಿಯ ಕಟ್ಟನ್ನು ಕೆಲಸಕ್ಕೆ ಆರಿಸಿಕೊಳ್ಳಬೇಕು.

ಕಲಿಯುವವರಲ್ಲಿ ಒಂದು ಕೋರಿಕೆ. ಹಣ ಕಟ್ಟುವ ಅಂದರ್ ಬಾಹರ್ ಕೂಟದ ಹತ್ತಿರಕ್ಕೂ ಈ ಎಲೆ ಸುಳಿಯಬಾರದು. ಜಾದೂ ಮುಗಿದ ಕೂಡಲೇ ಅದನ್ನು ಕಟ್ಟಿನಿಂದ ತೆಗೆದು ಬೇರೆ ಡಬ್ಬಿಯಲ್ಲಿಡಿ.