ಚಂದಾದಾರರು ಮಾಡಿಸಿದ ಬೀಥೋವನ್

ಬೀಥೋವನ್ ಬರೆದ ಪಿಯಾನೊ ಸೊನಾಟಗಳು 32. ಕೊನೆಯದನ್ನು ಬರೆದದ್ದು 1822ರಲ್ಲಿ. ಇವತ್ತು ಅಷ್ಟನ್ನೂ ಪೂರ್ತಿಯಾಗಿ ನುಡಿಸಿ ಮುದ್ರಿಸಿರುವ ಕಲಾವಿದರು ಹತ್ತಾರು ಮಂದಿ ಸಿಗುತ್ತಾರೆ. ಆ ಕೆಲಸವನ್ನು ಮೊಟ್ಟಮೊದಲು ಮಾಡಿ ಮುಗಿಸಿದವರು ಆರ್ಟುರ್ ಶ್ನಾಬೆಲ್. 1932ರಿಂದ 1935ರವರೆಗೆ ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊದಲ್ಲಿ ಎಚ್‌ಎಂವಿ ಕಂಪನಿಗಾಗಿ ಅವರು ನುಡಿಸಿದರು. ಆಮೇಲೆ ಬಂದ ಮುದ್ರಣಗಳಲ್ಲಿ ನಾದ ಇದಕ್ಕಿಂತ ಚೆನ್ನಾಗಿದೆ, ಬೆರಳು ಇದಕ್ಕಿಂತ ಖಚಿತವಾಗಿದೆ. ಆದರೂ ಬೀಥೋವನ್ನನ ಸೊನಾಟಗಳನ್ನು ಎಲ್ಲಿಂದ ಶುರುಮಾಡಲಿ ಎಂದು ಯಾರು ಕೇಳಿದರೂ ನಾನು ಹೇಳುವ ಹೆಸರು ಶ್ನಾಬೆಲ್ ಅವರದೇ. ಅವರ ವಾದನದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಇದೆ: ಈ ತಟ್ಟೆಗಳು ಹುಟ್ಟಿದ್ದು ಕೇಳುಗರು ಮುಂಗಡವಾಗಿ ಕೊಟ್ಟ ಹಣದಿಂದ.

ಶ್ನಾಬೆಲ್ 1882ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಗಲೀಷಿಯಾದಲ್ಲಿ ಹುಟ್ಟಿದವರು, ವಿಯೆನ್ನಾದಲ್ಲಿ ಲೆಶೆಟಿಟ್ಸ್ಕಿಯವರ ಬಳಿ ಕಲಿತವರು. ನೀನು ಪಿಯಾನೊ ವಾದಕನಾಗುವವನಲ್ಲ, ಸಂಗೀತಗಾರ ಎಂದು ಗುರುಗಳು ಅವರಿಗೆ ಹೇಳಿದ್ದರಂತೆ. ಗುರುಗಳ ಮಾತು ಸುಳ್ಳಾಗಲಿಲ್ಲ. ಸಭಿಕರನ್ನು ಬೆರಗುಗೊಳಿಸುವ ಕೃತಿಗಳನ್ನು ಶ್ನಾಬೆಲ್ ಒಂದೊಂದಾಗಿ ಕೈಬಿಟ್ಟು ಬೀಥೋವನ್, ಶೂಬರ್ಟ್, ಮೊಝಾರ್ಟರಲ್ಲಿ ನೆಲೆನಿಂತರು. ಬೀಥೋವನ್ ತೀರಿಕೊಂಡು ನೂರು ವರ್ಷವಾದ 1927ರಲ್ಲಿ ಬರ್ಲಿನ್ನಿನಲ್ಲಿ ಏಳು ಕಛೇರಿಗಳಲ್ಲಿ 32 ಸೊನಾಟಗಳನ್ನೂ ನುಡಿಸಿದರು. ಅಷ್ಟು ಹೊತ್ತಿಗೆ ಆ ಸೊನಾಟಗಳ ಸ್ವರಲಿಪಿಯನ್ನು ಬೆರಳುಗಳ ಕ್ರಮ, ಟಿಪ್ಪಣಿಗಳ ಸಮೇತ ಸಂಪಾದಿಸಿಯೂ ಆಗಿತ್ತು.

ಅಂಥವರು ಧ್ವನಿಮುದ್ರಣವೆಂದರೆ ದೂರ ಸರಿಯುತ್ತಿದ್ದರು. ಒಂದು ಸಲ ನುಡಿಸಿದ್ದು ಮತ್ತೆ ಹಾಗೆಯೇ ಬರಬಾರದು, ಬಂದರೆ ಅದು ಜೀವಂತ ಸಂಗೀತವಲ್ಲ ಎಂಬುದು ಅವರ ನಿಲುವು. ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಪಟ್ಟುಬಿಡದೆ ಬೆನ್ನು ಹತ್ತಿ, ಒಳ್ಳೆಯ ಮೊತ್ತದ ಭರವಸೆ ಕೊಟ್ಟು ಅವರನ್ನು ಒಪ್ಪಿಸಿದರು. ಈ ಗೈಸ್‌ಬರ್ಗ್ ನಮಗೆ ಅಪರಿಚಿತರೇನಲ್ಲ. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಕಂಠವನ್ನು ತಟ್ಟೆಗಿಳಿಸಿಕೊಂಡು ಹೋದವರು ಇವರೇ. ಆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ಮೈಸೂರು ಆಸ್ಥಾನದ ಆಶ್ರಯದಲ್ಲಿ. 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಲಾವಿದರು ಒಪ್ಪಿದರೂ ಖರ್ಚಿನ ಪ್ರಶ್ನೆ ಉಳಿದಿತ್ತು. ‘ಮೂನ್‌ಲೈಟ್’, ‘ಪಥೆಟೀಕ್’ ಯಾವತ್ತೂ ಮಾರಾಟವಾಗುತ್ತವೆ. ಓಪಸ್ 54, ಓಪಸ್ 101ರಂಥವನ್ನು ಕೊಳ್ಳುವವರು ಯಾರು? ಅದೂ ಆರ್ಥಿಕ ಮಹಾಕುಸಿತದ ಕಾಲದಲ್ಲಿ. ಎಚ್‌ಎಂವಿಯ ತರುಣ ವಾಲ್ಟರ್ ಲೆಗ್ 1931ರಲ್ಲಿ ಹ್ಯೂಗೊ ವುಲ್ಫ್‌ನ ಗೀತೆಗಳಿಗಾಗಿ ಒಂದು ದಾರಿ ಕಂಡುಕೊಂಡಿದ್ದರು. ಐನೂರು ಮಂದಿ ಮೊದಲೇ ಚಂದಾ ಕಟ್ಟಿದರೆ ಮುದ್ರಣ ಶುರು, ಇಲ್ಲವಾದರೆ ಇಲ್ಲ. ದೂರದ ಜಪಾನಿನಿಂದಲೂ ಜನ ಹಣ ಕಳಿಸಿದರು, ಸಂಖ್ಯೆ ತುಂಬಿತು. ಅದೇ ಮಾದರಿಯಲ್ಲಿ ‘ಬೀಥೋವನ್ ಸೊನಾಟ ಸೊಸೈಟಿ’ ಆರಂಭವಾಯಿತು. ಚಂದಾ ಕಟ್ಟಿದವರಿಗೆ ಸಂಪುಟಗಳು ಒಂದೊಂದಾಗಿ ಬರುತ್ತಿದ್ದವು. ಇಷ್ಟವಾದದ್ದನ್ನು ಮಾತ್ರ ಆರಿಸಿಕೊಳ್ಳುವ ಅವಕಾಶ ಅದರಲ್ಲಿರಲಿಲ್ಲ. 1932ರ ಜನವರಿಯಲ್ಲಿ ಮೊದಲು ಮುದ್ರಣಗೊಂಡವುಗಳಲ್ಲಿ ಓಪಸ್ 111 ಇತ್ತು. ಅದು ಬೀಥೋವನ್ನನ ಕಟ್ಟಕಡೆಯ, ಎಲ್ಲಕ್ಕಿಂತ ಆಳವಾದ ಸೊನಾಟ. ಹೆಸರು ಮಾತ್ರ ಕೇಳಿದ್ದ ಸಂಗೀತಕ್ಕೆ ಆ ಜನ ಹಣ ಕಟ್ಟಿದ್ದರು. ಈ ನಂಬಿಕೆ ಇರದಿದ್ದರೆ ಶ್ನಾಬೆಲ್ ಅವರ ಬೀಥೋವನ್ ಬರ್ಲಿನ್ನಿನ ಸಭಾಂಗಣಗಳಲ್ಲೇ ಮುಗಿದುಹೋಗುತ್ತಿತ್ತು.

ಸ್ಟುಡಿಯೊದ ಕೆಲಸ ಕಠಿಣವಾಗಿತ್ತು. ಟೇಪು ಬರುವುದಕ್ಕೆ ಇನ್ನೂ ವರ್ಷಗಳಿದ್ದವು. ನುಡಿಸಿದ ನಾದ ನೇರವಾಗಿ ಮೇಣದ ತಟ್ಟೆಯಲ್ಲಿ ಕೊರೆದುಕೊಳ್ಳುತ್ತಿತ್ತು. ತಟ್ಟೆಯ ಒಂದು ಮೈ ಹಿಡಿಯುತ್ತಿದ್ದುದು ನಾಲ್ಕು ನಿಮಿಷಕ್ಕೆ ತುಸು ಮೇಲಷ್ಟು ಸಂಗೀತ. ಮೂರೂವರೆ ನಿಮಿಷ ನುಡಿಸಿದ ಮೇಲೆ ಒಂದು ಸ್ವರ ತಪ್ಪಿದರೆ ಆ ಮೈಯನ್ನು ಮೊದಲಿನಿಂದ ನುಡಿಸಬೇಕು. ಆಗಷ್ಟೇ ಮುದ್ರಿಸಿದ್ದನ್ನು ಅಲ್ಲಿಯೇ ಕೇಳಿನೋಡೋಣವೆಂದರೆ ಮುಳ್ಳು ತಾಗಿ ಮೇಣ ಕೆಡುತ್ತದೆ. ‘ಹ್ಯಾಮರ್‌ಕ್ಲಾವಿಯರ್’ ಸೊನಾಟದ ವಿಳಂಬ ಭಾಗವನ್ನು ಶ್ನಾಬೆಲ್ ಸುಮಾರು 18 ನಿಮಿಷ ನುಡಿಸುತ್ತಾರೆ. ಆ ಉದ್ದದ ಧ್ಯಾನವನ್ನು ನಾಲ್ಕು ನಾಲ್ಕು ನಿಮಿಷಕ್ಕೆ ತುಂಡರಿಸಿ ನಿಲ್ಲಿಸಬೇಕು, ಹೊಸ ಮೇಣದ ತಟ್ಟೆ ಸಿದ್ಧವಾದ ಮೇಲೆ ಬಿಟ್ಟಲ್ಲಿಂದಲೇ, ಅದೇ ಭಾವದಲ್ಲಿ, ಅದೇ ನಡೆಯಲ್ಲಿ ಎತ್ತಿಕೊಳ್ಳಬೇಕು. ಈ ಕೆಲಸ ತಮ್ಮನ್ನು ಹಿಂಡುತ್ತಿದೆಯೆಂದು ಶ್ನಾಬೆಲ್ ಪತ್ರಗಳಲ್ಲಿ ಬರೆದುಕೊಂಡರು. ಈ ನಡುವೆ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಯಾದ ಶ್ನಾಬೆಲ್ ಬರ್ಲಿನ್ ತೊರೆದರು, ಮತ್ತೆಂದೂ ಜರ್ಮನಿಯಲ್ಲಿ ನುಡಿಸಲಿಲ್ಲ. ಉಳಿದ ಸೊನಾಟಗಳನ್ನು ಅವರು ಮುದ್ರಿಸಿದ್ದು ಊರು ಕಳೆದುಕೊಂಡವರಾಗಿ.

ಈಗ ಕೇಳುವ ಮಾತು. ಮೊದಲು ಓಪಸ್ 10ರ ಮೂರನೆಯ ಸೊನಾಟ ಹಾಕಿಕೊಳ್ಳಿ, ಅದರ ಎರಡನೆಯ ಭಾಗಕ್ಕೆ ಬನ್ನಿ. ಬೀಥೋವನ್ ಇದನ್ನು ಬರೆದಾಗ ಅವನಿಗೆ ಮೂವತ್ತೂ ತುಂಬಿರಲಿಲ್ಲ. ದುಃಖದಿಂದ ನುಡಿಸಬೇಕೆಂದು ಅವನೇ ಮೇಲೆ ಬರೆದಿದ್ದಾನೆ. ಶ್ನಾಬೆಲ್ ಇಲ್ಲಿ ತೀರಾ ನಿಧಾನ. ಸ್ವರ ಸ್ವರದ ನಡುವೆ ಎಷ್ಟು ಬಿಡುವು ಬಂದರೂ ರಾಗದ ಎಳೆ ಕಡಿಯುವುದಿಲ್ಲ. ನುರಿತ ವೈಣಿಕರು ಒಂದೇ ಮೀಟಿನಲ್ಲಿ ನಾಲ್ಕಾರು ಸ್ವರಗಳನ್ನು ಎಳೆದು ತರುವಂತೆ, ಹೊಡೆದ ಕೂಡಲೇ ಕ್ಷೀಣಿಸುವ ಪಿಯಾನೊದ ನಾದವನ್ನು ಅವರು ಮುಂದಿನ ಸ್ವರದವರೆಗೆ ಒಯ್ಯುತ್ತಾರೆ. ಆಮೇಲೆ ಓಪಸ್ 90ರ ಎರಡನೆಯ ಭಾಗ. ಒಂದೇ ಹಾಡು ಮತ್ತೆ ಮತ್ತೆ ಮರಳುತ್ತದೆ, ಪ್ರತಿ ಸಲವೂ ಒತ್ತು ಬೇರೆ ಕಡೆ ಬೀಳುತ್ತದೆ. ಕೊನೆಗೆ ಓಪಸ್ 111. ಅದರ ಎರಡನೆಯ ಭಾಗದ ಸರಳ ಧಾಟಿಯನ್ನು ಅವರು ಯಾವ ಒಯ್ಯಾರವೂ ಇಲ್ಲದೆ ಇಡುತ್ತಾರೆ. ಮುಂದೆ ಬರುವ ಎಲ್ಲ ವಿಸ್ತಾರಗಳೂ ಅದರೊಳಗಿಂದಲೇ ಹೊರಟಂತೆ ಕೇಳಿಸುತ್ತವೆ.

ಕಷ್ಟದ ಮಾತನ್ನೂ ಹೇಳಲೇಬೇಕು. ತನ್ನ ಪಿಯಾನೊ ಸೊನಾಟಗಳ ಪೈಕಿ ‘ಹ್ಯಾಮರ್‌ಕ್ಲಾವಿಯರ್’ ಒಂದಕ್ಕೆ ಮಾತ್ರ ಬೀಥೋವನ್ ಮೆಟ್ರೊನೋಮ್ ಲೆಕ್ಕದಲ್ಲಿ ವೇಗ ನಮೂದಿಸಿದ. ಮೊದಲ ಭಾಗಕ್ಕೆ ಅವನು ಬರೆದದ್ದು 138. ಅದು ಕೈಗೆಟುಕದ ವೇಗವೆಂದು ಹೆಚ್ಚಿನವರು ಪಕ್ಕಕ್ಕಿಡುತ್ತಾರೆ. ಶ್ನಾಬೆಲ್ ಅದನ್ನು ಆಜ್ಞೆಯೆಂದೇ ತಿಳಿದು ಬೆನ್ನಟ್ಟಿದರು. ಸ್ವರಗಳು ಜಾರಿದವು, ಕೊನೆಯ ಭಾಗದ ಫ್ಯೂಗ್ ಹಲವೆಡೆ ಕಲಸಿಹೋಯಿತು. ಟೀಕಾಕಾರರು ಇದನ್ನು ಇಂದಿಗೂ ಎತ್ತಿ ತೋರಿಸುತ್ತಾರೆ, ಅವರ ಮಾತಿನಲ್ಲಿ ಹುಸಿಯಿಲ್ಲ. ಆದರೆ ಶುದ್ಧವಾಗಿ, ನಿಧಾನವಾಗಿ ನುಡಿಸಿದ ಹ್ಯಾಮರ್‌ಕ್ಲಾವಿಯರ್ ಕೇಳಿದಾಗಲೆಲ್ಲ ಬೀಥೋವನ್ನನ ಛಲ ಎಲ್ಲೋ ತಗ್ಗಿದೆ ಅನ್ನಿಸುತ್ತದೆ. ಬರೆದವನೇ ಅಸಾಧ್ಯವನ್ನು ಬೇಡಿದ ಕೃತಿಯಲ್ಲಿ ಹೆಣಗಾಟವೂ ಸಂಗೀತದ ಭಾಗ. ಅದನ್ನು ಶ್ನಾಬೆಲ್ ಅವರಷ್ಟು ಧೈರ್ಯದಿಂದ ಬಿಚ್ಚಿಟ್ಟವರನ್ನು ನಾನು ಕೇಳಿಲ್ಲ.

ಸೊಸೈಟಿಗಳ ಈ ಕಥೆಯ ಮುಂದಿನ ಅಧ್ಯಾಯ ಮೈಸೂರಿನದು. ರಷ್ಯದ ಪಿಯಾನೊ ವಾದಕ, ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಹೃದ್ರೋಗಿಯಾಗಿ, ಬಹುಮಟ್ಟಿಗೆ ಮರೆತುಹೋದವರಾಗಿ ಬದುಕುತ್ತಿದ್ದರು. 14 ಪಿಯಾನೊ ಸೊನಾಟಗಳನ್ನು ಬರೆದವರು ಅವರು. ಸ್ವತಃ ಪಿಯಾನೊ ಕಲಿತಿದ್ದ ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್, ಮೆಟ್ನರ್ ಸಂಗೀತಕ್ಕೆ ಮನಸೋತಿದ್ದರು. ‘ಮೆಟ್ನರ್ ಸೊಸೈಟಿ’ ಕಟ್ಟಿ, ಮುದ್ರಣದ ವೆಚ್ಚ ತಾವೇ ವಹಿಸಿಕೊಂಡರು. 1947ರಿಂದ ಎಚ್‌ಎಂವಿಗಾಗಿ ಮೆಟ್ನರ್ ತಮ್ಮ ಮೂರೂ ಕಾನ್ಚರ್ಟೊಗಳನ್ನು, ‘ಸೊನಾಟ ವೊಕಲೀಸ್’ ಅನ್ನು, ಗೀತೆಗಳನ್ನು ನುಡಿಸಿ ದಾಖಲಿಸಿದರು. 1951ರಲ್ಲಿ ತೀರಿಕೊಂಡರು. ಅವರ ಮೂರನೆಯ ಕಾನ್ಚರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಲೆಗ್ ಮೈಸೂರಿಗೂ ಬಂದಿದ್ದರು. ಅರಮನೆಯ ಧ್ವನಿಮುದ್ರಿಕೆಗಳ ಭಂಡಾರ ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾರೆ. ಲಂಡನ್ನಿನ ಸೊಸೈಟಿಯಲ್ಲಿ ನೂರಾರು ಜನ ಕೂಡಿ ಮಾಡಿದ್ದನ್ನು ಇಲ್ಲಿ ಒಬ್ಬ ಅರಸರು ಮಾಡಿದರು. ಎರಡು ಕಡೆಯೂ ಮೊದಲ ಹೆಜ್ಜೆ ಕೇಳುಗರದೇ.

ಶ್ನಾಬೆಲ್ ಅವರ ತಟ್ಟೆಗಳು ಈಗ ವಾರ್ನರ್, ನ್ಯಾಕ್ಸೋಸ್ ಕಂಪನಿಗಳ ಮೂಲಕ ಸಿಗುತ್ತವೆ. ಹಳೆಯ ತಟ್ಟೆಯ ಸರಸರ ಸದ್ದನ್ನು ಪೂರ್ತಿ ತೊಳೆದುಹಾಕಿದ ಆವೃತ್ತಿಯನ್ನು ಆರಿಸಬೇಡಿ. ಸದ್ದಿನ ಜೊತೆ ಪಿಯಾನೊದ ಮೇಲುಸ್ವರಗಳೂ ತೊಳೆದುಹೋಗುತ್ತವೆ. ಮಾರ್ಕ್ ಓಬರ್ಟ್ ಥಾರ್ನ್ ನ್ಯಾಕ್ಸೋಸ್‌ಗಾಗಿ ಸಿದ್ಧಪಡಿಸಿದ ಆವೃತ್ತಿ ನನ್ನ ಆಯ್ಕೆ. ಒಂದು ಸೊನಾಟ ಹಾಕಿದರೆ ಮೊದಲಿಂದ ಕೊನೆಯವರೆಗೆ ಕೂತು ಕೇಳಿ; ಹೆಚ್ಚಿನವು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಇನ್ನೊಂದು ಕೋರಿಕೆ. ನಿಮಗೆ ಗೊತ್ತಿರುವ ಒಬ್ಬ ವೈಣಿಕರೋ ಪಿಯಾನೊ ವಾದಕರೋ ದೊಡ್ಡದೊಂದು ಮುದ್ರಣಕ್ಕೆ ಹೊರಟಿದ್ದರೆ, ಅದು ಹೊರಬಂದ ಮೇಲೆ ಕೇಳಿ ನೋಡೋಣ ಎಂದು ಕಾಯಬೇಡಿ. ಕೈಲಾದ ಹಣವನ್ನು ಇವತ್ತೇ, ಮುಂಗಡವಾಗಿ ಕೊಡಿ.