ಕೊನೆಯ ಪಣವೂ ಮಿತಾಕ್ಷರೆಯ ದ್ಯೂತಪ್ರಕರಣವೂ

ಹುಮನಾಬಾದಿನ ನೆರೆಯ ಬಸವಕಲ್ಯಾಣವು ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾಗಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ಅದರ ದ್ಯೂತಪ್ರಕರಣವನ್ನು ಕೇವಲ ನೀತಿಬೋಧೆಯೆಂದು ಓದುವುದು ಸಾಧುವಲ್ಲವೆಂದು ನಮ್ಮ ಮತ. ಮನುವು ಜೂಜನ್ನು ನಿಷೇಧಿಸಿದನು. ವಿಜ್ಞಾನೇಶ್ವರನಾದರೋ ಆ ನಿಷೇಧವನ್ನು ಕಪಟದಾಳದ ಆಟಕ್ಕೂ ರಾಜನ ಮೇಲ್ವಿಚಾರಣೆಯಿಲ್ಲದ ಆಟಕ್ಕೂ ಸೀಮಿತಗೊಳಿಸುತ್ತಾನೆ. ಗೆಲುವು ನೂರನ್ನು ಮುಟ್ಟಿದರೆ ಸಭಿಕನಿಗೆ ನೂರಕ್ಕೆ ಐದು ಸಲ್ಲಬೇಕೆಂಬ ವಿಧಿಯು ಲೆಕ್ಕಾಚಾರದ ಮಾತು.

ಇದನ್ನು ಪೋಕರ್ ಆಟದ ಕೊನೆಯ ದೊಡ್ಡ ಪಣಕ್ಕೆ ಅನ್ವಯಿಸಿ ನೋಡೋಣ. ರಾಶಿಯಲ್ಲಿ 100 ರೂಪಾಯಿ ಇದೆ. ಎದುರಾಳಿಯು ಮತ್ತೆ 100 ಒಡ್ಡುತ್ತಾನೆ. ಸರಿಗಟ್ಟುವವನು 100 ತೊಡಗಿಸಿ 200 ಗೆಲ್ಲಬಹುದು. ಮೂರರಲ್ಲಿ ಒಮ್ಮೆ ಗೆದ್ದರೂ ನಷ್ಟವಿಲ್ಲ. ಸಭಿಕನ 10 ರೂಪಾಯಿ ಕಳೆದರೆ ನೂರಕ್ಕೆ ಸುಮಾರು 34.5 ಸಲ ಗೆಲ್ಲಬೇಕಾಗುತ್ತದೆ.

ಇಲ್ಲಿಗೆ ಸ್ಮೃತಿಯ ನೆರವು ಮುಗಿಯಿತು. ಮಿತಾಕ್ಷರೆಯು ಕಪಟವನ್ನು ದಾಳದಲ್ಲಿ ಹುಡುಕುತ್ತದೆ; ಪೋಕರಿನಲ್ಲಿ ಅದು ಎದುರಾಳಿಯ ಮನದಲ್ಲಿದ್ದು ನಿಯಮಸಮ್ಮತವೂ ಆಗಿದೆ. ಇಂಥ ಪಣಗಳಲ್ಲಿ ಅವನು ಎಷ್ಟು ಸಲ ಹುಸಿಯಾಡುತ್ತಾನೆಂಬ ಊಹೆಯನ್ನು ಆಟಗಾರನೇ ಮಾಡಿ ಆ ಮಿತಿಯೊಡನೆ ಹೋಲಿಸಬೇಕು. ಇದನ್ನು ಬಿಟ್ಟು, ಈಗಾಗಲೇ ಹಾಕಿದ ಹಣದ ಮಮತೆಯಿಂದ ಸರಿಗಟ್ಟುವುದು ಧರ್ಮರಾಯನು ಹಿಡಿದ ದಾರಿ.