ಆಸ್ಟೆರಿಕ್ಸ್: ಮಾತಿನ ನಗೆ, ಚಿತ್ರದ ನಗೆ

1959ರಲ್ಲಿ ಫ್ರಾನ್ಸಿನ ‘ಪಿಲೋಟ್’ ಪತ್ರಿಕೆಯಲ್ಲಿ ಆರಂಭವಾದ ‘ಆಸ್ಟೆರಿಕ್ಸ್’ ಚಿತ್ರಕಥಾಮಾಲೆಯ ಓದುಗರಲ್ಲಿ ಬಹುಕಾಲದಿಂದ ಎರಡು ಪಕ್ಷಗಳಿವೆ. ಕಥೆಗಾರ ರೆನೆ ಗೊಸಿನಿ 1977ರಲ್ಲಿ ತೀರಿಕೊಂಡ ಬಳಿಕ ಚಿತ್ರಕಾರ ಆಲ್ಬೇರ್ ಉದೆರ್ಜೊ ಬರವಣಿಗೆಯ ಹೊಣೆಯನ್ನೂ ತಾವೇ ಹೊತ್ತರು. ಮಾಲೆಯ ಸತ್ವ ಗೊಸಿನಿಯವರೊಂದಿಗೇ ಮುಗಿಯಿತೆನ್ನುವುದು ಒಂದು ಪಕ್ಷ; ಅನಂತರದ ಪುಸ್ತಕಗಳನ್ನೂ ಅಷ್ಟೇ ಪ್ರೀತಿಯಿಂದ ಓದುವುದು ಇನ್ನೊಂದು.

ಇದು ಬರಿಯ ಅಭಿರುಚಿಯ ಭೇದವಲ್ಲ. ಓದುಗರು ಯಾವ ಭಾಷೆಯಲ್ಲಿ ಓದಿದರು, ನಗೆಯನ್ನು ಎಲ್ಲಿ ಕಂಡರು ಎಂಬ ಪ್ರಶ್ನೆ ಇದರ ಹಿಂದಿದೆ. 1966ರಲ್ಲಿ ಪುಸ್ತಕವಾಗಿ ಬಂದ ಬ್ರಿಟನ್ ಪ್ರವಾಸದ ಕಥೆಯಲ್ಲಿ ಬ್ರಿಟನ್ನರು ಆಡುವ ಪದಗಳು ಫ್ರೆಂಚ್, ಪದಕ್ರಮ ಮಾತ್ರ ಇಂಗ್ಲಿಷ್. ನಾಮಪದದ ಹಿಂದೆ ಬರಬೇಕಾದ ವಿಶೇಷಣ ಅದರ ಮುಂದೆ ಬಂದು ನಿಲ್ಲುತ್ತದೆ. ಇವರೇಕೆ ತಿರುಗುಮುರುಗಾಗಿ ಮಾತಾಡುತ್ತಾರೆಂದು ಒಬೆಲಿಕ್ಸ್ ಬೆರಗಾಗುತ್ತಾನೆ. ಇಂಗ್ಲಿಷಿಗೆ ಬಂದಾಗ ಈ ವಿನೋದಕ್ಕೆ ನೆಲೆಯೇ ಇಲ್ಲ. ಅನುವಾದಕರಾದ ಆಂಥಿಯಾ ಬೆಲ್ ಮತ್ತು ಡೆರೆಕ್ ಹಾಕ್ರಿಜ್ ಅದರ ಜಾಗದಲ್ಲಿ ಮೇಲ್ವರ್ಗದ ಆಂಗ್ಲರ ಹಳೆಯ ಠೀವಿಯ ಮಾತನ್ನು ಇಟ್ಟರು. ಎರಡೂ ನಗಿಸುತ್ತವೆ, ಒಂದರ ಗುರಿ ವ್ಯಾಕರಣ, ಇನ್ನೊಂದರದು ವರ್ಗ.

ಚಿತ್ರದ ನಗೆಗೆ ಇಂಥ ದಾಟುವಿಕೆಯ ಕಷ್ಟವಿಲ್ಲ. ಆದುದರಿಂದ ಉದೆರ್ಜೊ ಅವರ ರೇಖೆಯನ್ನೇ ನೆಚ್ಚಿದವರಿಗೆ 1977ರ ಬಿರುಕು ಅಷ್ಟು ಆಳವಾಗಿ ಕಾಣದಿರುವುದು ಸಹಜ. ಆದರೆ ಅವರ ವಾದಕ್ಕೂ ಒಂದು ಮಿತಿಯುಂಟು. ಮೊದಲ ಕಥೆಗಳಲ್ಲಿ ಅದ್ಭುತವೆಂಬುದು ಬಹುಮಟ್ಟಿಗೆ ಮದ್ದಿನ ಪಾತ್ರೆಯಲ್ಲೇ ಉಳಿಯುತ್ತದೆ. ಅಂಥ ಮಹಾಶಕ್ತಿಯಿದ್ದೂ ಊರವರು ಹಳಸಿದ ಮೀನಿಗಾಗಿ ಕಾದಾಡುತ್ತಾರೆ. ನಗೆ ಹುಟ್ಟುವುದು ಈ ಅಸಮತೆಯಲ್ಲಿ. 1987ರ ಕಥೆಯಲ್ಲಿ ಹಾರುವ ಕಂಬಳಿ ನಾಯಕರನ್ನು ಗಂಗಾತೀರಕ್ಕೆ ಒಯ್ಯುತ್ತದೆ. 2005ರದರಲ್ಲಿ ಅನ್ಯಗ್ರಹದವರೇ ಇಳಿದುಬರುತ್ತಾರೆ. ಅದ್ಭುತ ಎಲ್ಲೆಡೆ ಹರಡಿದಾಗ ಹಳ್ಳಿಯ ಸಣ್ಣತನಕ್ಕೆ ಜಾಗ ಕಿರಿದಾಗುತ್ತದೆ; ಚಿತ್ರವೂ ತನ್ನ ವಿನೋದದ ಅರ್ಧವನ್ನು ಕಳೆದುಕೊಳ್ಳುತ್ತದೆ.

ಹೀಗಿರುವಾಗ ಗೊಸಿನಿ ಪಕ್ಷದ ತೀರ್ಪೇ ಹೆಚ್ಚು ಸರಿ. ಅದಕ್ಕೆ ಕೊಡುವ ಕಾರಣ ಮಾತ್ರ ಸಾಲದು. ಕೊರತೆ ಚಮತ್ಕಾರದ ಮಾತಿನದಷ್ಟೇ ಅಲ್ಲ, ಪ್ರಮಾಣದ್ದು. ಇನ್ನು ಮಾತಿನ ನಗೆಯೂ ನಿರ್ದೋಷಿಯಲ್ಲ. ನೆರೆಭಾಷೆಯ ವಾಕ್ಯಬಂಧ ತನ್ನ ಕನ್ನಡದಲ್ಲಿ ನುಸುಳಿದೆಯೆಂದು ನಗೆಗೀಡಾದ ಗಡಿನಾಡಿನ ಓದುಗ, ಒಬೆಲಿಕ್ಸನ ಬೆರಗಿನಲ್ಲಿ ‘ಸರಿಯಾದ ಭಾಷೆ’ಯವರ ಮುಗ್ಧ ಅಹಂಕಾರವನ್ನೂ ಗುರುತಿಸಬಲ್ಲ. ಆ ಓದುಗ ನಗುತ್ತಾನೆ, ಆದರೆ ಬ್ರಿಟನ್ನರ ಪಕ್ಕದಲ್ಲಿ ನಿಂತು. ಎರಡು ಪಕ್ಷಗಳ ಲೆಕ್ಕಕ್ಕೂ ಇನ್ನೂ ಸಿಗದ ಅಭಿರುಚಿ ಅದು.